ಇಬ್ಬರ ಕೋಣೆ

"ಇಲ್ಲೂ ಒಬ್ಬರಿಗೆ ಕೋಣೆ ಕೊಡಲ್ವಂತೆ, ಮೇಡಂ." ಜಪಾನಿನ ಕುಶಿರೊ ರೈಲು ನಿಲ್ದಾಣದಲ್ಲಿ ಪ್ರವಾಸಿಗರಿಗೆ ಹೋಟೆಲು ಹುಡುಕಿಕೊಡುವ ಹುಡುಗಿ ಫೋನಿಗೆ ಕೈ ಅಡ್ಡ ಹಿಡಿದು ಹೇಳಿದಳು. "ಒಂಟಿ ಹೆಂಗಸು ಅಂದ್ರೆ ಹಳೇ ಹೋಟೆಲಿನವರಿಗೆ ಏನೋ ಭಯ."

"ಕೊಕ್ಕರೆ ನೋಡೋಕೆ ಬಂದಿರೋದು, ಸಾಯೋಕಲ್ಲ ಅಂತ ಹೇಳಮ್ಮ," ಎಂದಳು ತಮಾಯೊ.

ಹುಡುಗಿ ನಕ್ಕಳು. ತಮಾಯೊ ನಗಲಿಲ್ಲ. ಐವತ್ತೊಂಬತ್ತು ವರ್ಷಕ್ಕೆ ಮೊದಲ ಸಲ ತನಗಾಗಿ ಒಂದು ಆಸೆ ಕಟ್ಟಿಕೊಂಡು ಹೊರಟಿದ್ದಳು: ಬಿಸಿನೀರಿನ ಬುಗ್ಗೆಯಲ್ಲಿ ಮೈ ಕಾಯಿಸಿಕೊಂಡು ಮಲಗಿ, ನಸುಕಿನಲ್ಲಿ ಹೊಳೆಗೆ ನಡೆದು, ಮಂಜಿನೊಳಗೆ ಕೊಕ್ಕರೆಗಳು ಏಳುವುದನ್ನು ನೋಡಬೇಕು. ಬುಗ್ಗೆಯೂ ಇದ್ದು ಹೊಳೆಗೆ ನಡೆದು ಹೋಗುವಷ್ಟು ಹತ್ತಿರದ ಹೋಟೆಲುಗಳು ಮೂರೇ. ಎರಡು ಆಗಲೇ ಇಲ್ಲವೆಂದಿದ್ದವು.

"ಮೂರನೆಯವರಿಗೆ ಇಬ್ಬರು ಅಂದ್ಬಿಡು. ತಂಗಿ ಸಂಜೆ ಬಸ್ಸಿಗೆ ಬರ್ತಾಳೆ."

ಆ ಹೋಟೆಲಿನ ಕೋಣೆಯಲ್ಲಿ ಎಲ್ಲವೂ ಜೋಡಿ. ಎರಡು ದಿಂಬು, ಎರಡು ಸ್ನಾನದ ನಿಲುವಂಗಿ, ಚಹಾದ ಎರಡು ಬಟ್ಟಲು. ಯಜಮಾನಿ ಮಂಡಿಯೂರಿ ಕುಳಿತು ಕೇಳಿದಳು: "ತಂಗಿಯವರ ಹೆಸರೇನು? ನಮ್ಮ ಡ್ರೈವರ್ ಬಸ್‌ಸ್ಟಾಪಿನಲ್ಲಿ ಹೆಸರು ಬರೆದ ಹಲಗೆ ಹಿಡಿದು ನಿಂತಿರ್ತಾನೆ."

ತಮಾಯೊ ಹಸುಗೂಸಿಗೆ ಹೆಸರು ಹುಡುಕುವವಳ ಹಾಗೆ ತಡೆದು, "ಮಿದೊರಿ," ಎಂದಳು. ಹೇಳಿದ ಮೇಲೆ ಆ ಹೆಸರು ಅವಳಿಗೇ ಇಷ್ಟವಾಯಿತು.

ಆರು ಗಂಟೆಗೆ ಯಜಮಾನಿ ಊಟದ ಎರಡು ಮಣೆ ತಂದಿಟ್ಟಳು. ಏಡಿ, ಅಣಬೆಯ ಸಾರು, ಹಬೆಯಾಡುವ ಅನ್ನ. ಹೊರಗೆ ಹಿಮ ಬೀಳತೊಡಗಿತ್ತು. ಇಲ್ಲದ ತಂಗಿಗಾಗಿ ಯಾರದೋ ಮಗ ಈ ಚಳಿಯಲ್ಲಿ ನಿಂತಿದ್ದಾನಲ್ಲ ಎನ್ನಿಸಿ ತಮಾಯೊಗೆ ಊಟದ ಕಡ್ಡಿ ಎತ್ತಲಾಗಲಿಲ್ಲ. ಹಣೆ ಚಾಪೆಗೆ ತಾಗುವಂತೆ ಬಾಗಿದಳು.

"ಡ್ರೈವರನ್ನ ವಾಪಸ್ ಕರೆಸಿ, ಯಜಮಾನಿಯವರೇ. ನನಗೆ ತಂಗಿಯೇ ಇಲ್ಲ. ಸುಳ್ಳು ಹೇಳಿದೆ. ಕೋಣೆ ಬಿಡಿ ಅಂದ್ರೆ ಈಗಲೇ ಬಿಡ್ತೀನಿ."

"ಬಿಟ್ಟು ಎಲ್ಲಿಗೆ ಹೋಗ್ತೀರಿ ಈ ಹಿಮದಲ್ಲಿ? ಬೆಳಗ್ಗೆ ಐದೂವರೆಗೆ ಎಬ್ಬಿಸ್ತೀನಿ, ಕೊಕ್ಕರೆ ನೋಡ್ಕೊಂಡು ಬನ್ನಿ." ಯಜಮಾನಿ ಸಾರಿನ ಮುಚ್ಚಳ ತೆಗೆದಳು. "ಡ್ರೈವರ್ ಕೆಳಗೆ ಟಿವಿ ನೋಡ್ತಿದ್ದಾನೆ. ಅವನನ್ನ ನಾನು ಕಳಿಸಲೇ ಇಲ್ಲ."

"ನಿಮಗೆ ಹೇಗೆ ಗೊತ್ತಾಯ್ತು?"

"ಯಾರಿಗಾದ್ರೂ ಕಾಯ್ತಿರೋರು ಬಾಗಿಲು ಸರಿದ ಸದ್ದಿಗೆ ತಲೆ ಎತ್ತುತ್ತಾರೆ. ನಾನು ಮೂರು ಸಲ ಬಂದೆ. ನೀವು ಎತ್ತಲೇ ಇಲ್ಲ."

ಯಜಮಾನಿ ಬಾಗಿಲು ಎಳೆದುಕೊಂಡು ಹೋದಳು. ತಮಾಯೊ ಆ ಬಾಗಿಲನ್ನೇ ನೋಡುತ್ತ ಊಟ ಮಾಡಿದಳು.