ಮಾರೋದಕ್ಕಲ್ಲದ ಸೀರೆ

ಯುಗಾದಿಗೆ ಮುಂಚಿನ ಮೇಳದಲ್ಲಿ, ಹೂವಿನ ಚಿತ್ತಾರದ ಹಳೆಯ ಸಾಮಾನುಗಳನ್ನಷ್ಟೇ ಇಟ್ಟಿದ್ದ ಮಳಿಗೆಯೊಂದಿತ್ತು. ಗುಲಾಬಿ ಬರೆದ ಪಿಂಗಾಣಿ ತಟ್ಟೆಗಳ ಹಿಂದೆ ತೂಗುಹಾಕಿದ್ದ ಸೀರೆ ಕಂಡು ಚಂದ್ರಕಲಾ ನಿಂತೇಬಿಟ್ಟಳು. ಸಂಪಿಗೆ ಹೂವಿನ ಬುಟ್ಟಾ. ಅತ್ತೆಯ ಧಾರೆ ಸೀರೆಯಂಥದ್ದೇ. ಸೆರಗು ತಿರುಗಿಸಿದಳು. ಮದುವೆಯಾದ ಹೊಸತರಲ್ಲಿ ಇಸ್ತ್ರಿ ಮಾಡಲು ಹೋಗಿ ತಾನೇ ಸುಟ್ಟು, ಅತ್ತೆಯಿಂದ ಬೈಸಿಕೊಂಡು, ತೂತು ಕಾಣದಂತೆ ಕಸೂತಿ ಹಾಕಿದ್ದ ಮಲ್ಲಿಗೆ ಮೊಗ್ಗು ಅಲ್ಲೇ ಇತ್ತು.

"ನಿನ್ನ ಕೈಗೆ ಕೊಟ್ಟಿದ್ದು ಯಾವುದು ಉಳಿದಿದೆ? ಸೀರೇನ ದೇವಿಗೆ ಉಡಿಸಿ ಬಂದೆ," ಅಂದಿದ್ದರು ಅತ್ತೆ, ಆಮೇಲೊಮ್ಮೆ ಪೆಟ್ಟಿಗೆಯಲ್ಲಿ ಸೀರೆ ಕಾಣದೆ ಅವಳು ಕೇಳಿದಾಗ.

ದೇವಸ್ಥಾನದವರು ಅಮ್ಮನವರ ಸೀರೆಗಳನ್ನು ವರ್ಷಕ್ಕೊಮ್ಮೆ ಹರಾಜು ಹಾಕುವುದು ಅವಳಿಗೆ ಗೊತ್ತಿತ್ತು. ಅತ್ತೆ ಸತ್ತ ಮೇಲಾದರೂ ಸೀರೆ ಒಬ್ಬಳೇ ಸೊಸೆಯಾದ ತನ್ನ ಪಾಲಿಗೇ ಬಂತಲ್ಲ ಎಂದು ಒಳಗೊಳಗೇ ನಗು ಬಂತು.

"ಹರಾಜಲ್ಲಿ ತಗೊಂಡಿದ್ದೇನಮ್ಮಾ? ಎಷ್ಟಕ್ಕೆ ಕೊಡ್ತೀಯ?"

"ಅದು ಮಾರೋದಕ್ಕಲ್ಲ ಅಕ್ಕಾ, ಅಂದಕ್ಕೆ ಹಾಕಿದ್ದೀನಿ," ಎಂದಳು ಮಳಿಗೆಯ ಹೆಂಗಸು, ಸೆರಗನ್ನು ಮೆಲ್ಲನೆ ಅವಳ ಕೈಯಿಂದ ಬಿಡಿಸಿಕೊಳ್ಳುತ್ತ. "ನಮ್ಮತ್ತೆಯ ಧಾರೆ ಸೀರೆ. ಒಬ್ಬನೇ ಮಗನ ಹೆಂಡ್ತಿಗೆ ಅಂತಲೇ ಇಟ್ಟಿದ್ರಂತೆ. ದೇವಿ ಗುಡೀಲಿ ನಮ್ಮ ಮದುವೆ ದಿನ ಅವರೇ ಕೈಯಾರೆ ಉಡಿಸಿದ್ರು."