ದೇಶದ್ರೋಹಿ ಯಾರು

"ಹೇಳಿ ಸಾರ್, ಇವನನ್ನ ಏನಂತ ಕರೀಬೇಕು?" ಯೂನಿಯನ್ನಿನ ದ್ವಾರಕಾನಾಥ ಮೈಕನ್ನು ಕೃಷ್ಣಸ್ವಾಮಿಯ ಬಾಯಿಗೆ ಹಿಡಿದ. ತುರ್ತು ಪರಿಸ್ಥಿತಿಯಲ್ಲಿ ಕರಪತ್ರ ಹಂಚಿ ಜೈಲು ಸೇರಿದ್ದ ಕೃಷ್ಣಸ್ವಾಮಿ, ಚುನಾವಣೆಯಲ್ಲಿ ಸರ್ಕಾರ ಸೋತ ಮೇಲೆ ಬಿಡುಗಡೆಯಾಗಿ, ಪೀಣ್ಯದ ಕಾರ್ಖಾನೆಯೊಂದರ ಗೇಟಿನ ಮುಂದೆ ಹಾರ ಹಾಕಿಸಿಕೊಂಡು ನಿಂತಿದ್ದ. ಜನ ಅವನೆದುರು ಎಳೆದು ತಂದದ್ದು ಸೋತ ಪಕ್ಷದ ನಂಜಪ್ಪನನ್ನು, ಕೃಷ್ಣಸ್ವಾಮಿ ಬಾಡಿಗೆಗಿದ್ದ ಮನೆಯ ಮಾಲೀಕನನ್ನು.

ಅಂದು ಕೃಷ್ಣಸ್ವಾಮಿಯನ್ನು ಜೀಪಿಗೆ ದಬ್ಬುವಾಗ ಪೊಲೀಸರು ದೇಶದ್ರೋಹಿ ಅಂದಿದ್ದರು. ಆಮೇಲೆ ಬೀದಿಯ ನಲ್ಲಿಯಲ್ಲಿ ಅವನ ಹೆಂಡತಿ ಸೀತೆಯ ಕೊಡವನ್ನು ಯಾರೂ ಇಡಗೊಡಲಿಲ್ಲ. ನಂಜಪ್ಪ ಮಾತ್ರ ತನ್ನ ಬಾವಿ ತೋರಿಸಿ, "ಪಾರ್ಟಿ ಬ್ಯಾರೆ, ನೀರು ಬ್ಯಾರೆ ಕಣಮ್ಮ. ಸೇದ್ಕೊ" ಎಂದಿದ್ದ.

"ಒಂದ್ಸಲ ಹೇಳ್ಬಿಡಿ ಸಾರ್!" ಗುಂಪು ಕೂಗಿತು. ನಂಜಪ್ಪ ಹೆದರಿರಲಿಲ್ಲ, ಗುಂಪಿನಲ್ಲಿ ಪರಿಚಯದವನೊಬ್ಬ ಸಿಕ್ಕನೆಂಬಂತೆ ಕೃಷ್ಣಸ್ವಾಮಿಯನ್ನು ನೋಡುತ್ತಿದ್ದ. ಇವರು ನಮಗೆ ನೀರು ಕೊಟ್ಟವರು ಎನ್ನಲು ಕೃಷ್ಣಸ್ವಾಮಿ ಬಾಯಿ ತೆರೆದ. ಹಾಗೆಂದರೆ ಈ ಜನ ನಾಳೆ ತನ್ನನ್ನು ಏನೆಂದು ಕರೆದಾರೋ ಎಂಬ ಭಯ ಅವನನ್ನು ತಡೆಯಿತು.

"ದೇಶದ್ರೋಹಿ" ಎಂದುಬಿಟ್ಟ.

ಜನ ನಂಜಪ್ಪನ ಮೇಲೆ ಬಿದ್ದರು. "ಬಿಡ್ರೋ, ಅವರನ್ನ ಬಿಡ್ರೋ!" ಎಂದು ಕೃಷ್ಣಸ್ವಾಮಿ ಮೈಕಿನಲ್ಲೇ ಅರಚಿದ. ಯಾರೂ ತಿರುಗಿ ನೋಡಲಿಲ್ಲ.