ಬೇಲಿಯೊಳಗಿಲ್ಲದ ಪಾತರಗಿತ್ತಿ

ಬಸವಂತರಾಯ ಸಾಹೇಬರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮೊಣಕಾಲೂರಿ ಹುಳ ಹುಡುಕುತ್ತಿದ್ದುದನ್ನು ಸುಂದರವ್ವ ತಂತಿಬೇಲಿಯಾಚೆ ಕೋಲಿಗೆ ಗದ್ದ ಊರಿ ನೋಡುತ್ತಿದ್ದಳು. ಅವಳ ಆಡುಗಳು ಸುತ್ತಲಿನ ಗಾಯರಾಣದಲ್ಲಿ, ಊರಿನ ಗೋಮಾಳದಲ್ಲಿ, ಮೇಯುತ್ತಿದ್ದವು.

ಸಾಹೇಬರ ಪಾಡು ನೋಡುವ ಹಾಗಿರಲಿಲ್ಲ. ಅಳಿವಿನ ಅಂಚಿಗೆ ಬಂದ ಕೆಂಪು ಮೈಯ ಚಿಟ್ಟೆಯನ್ನು ಉಳಿಸುವ ಯೋಜನೆಗೆ ಅವರೇ ಅಧಿಕಾರಿ. ಆ ಚಿಟ್ಟೆ ಮೊಟ್ಟೆಯಿಡುವುದು ನೆಲಕ್ಕೆ ಹಬ್ಬುವ ಒಂದು ಕಹಿ ಬಳ್ಳಿಯ ಮೇಲೆ ಮಾತ್ರ; ಅದರ ಹುಳ ತಿನ್ನುವುದೂ ಆ ಎಲೆಯನ್ನೇ. ಎರಡು ವರ್ಷದ ಹಿಂದೆ ಸುಂದರವ್ವನನ್ನು ಈ ದಿಬ್ಬದಿಂದ ಓಡಿಸಿ, ಸುತ್ತ ಬೇಲಿ ಹಾಕಿಸಿ, ಯೋಜನೆಯ ಬೋರ್ಡ್ ನಿಲ್ಲಿಸಿ, ಆ ಬಳ್ಳಿಯನ್ನು ಸಾಲುಸಾಲಾಗಿ ನೆಡಿಸಿದ್ದರು. ಆಡು ಆ ಬಳ್ಳಿಗೆ ಬಾಯಿ ಹಾಕುವುದಿಲ್ಲ, ಸುತ್ತಲಿನ ಹುಲ್ಲನ್ನಷ್ಟೇ ತಿನ್ನುತ್ತದೆ ಎಂದು ಅವಳು ಹೇಳಿದಾಗ, "ನೀ ಯಾವ ಕಾಲೇಜಿನ್ಯಾಗ ಕಲ್ತೀಬೇ?" ಎಂದು ಮಂದಿಯ ಮುಂದೆ ಕೇಳಿದ್ದರು. ಈಗ ಬೇಲಿಯೊಳಗೆ ಹುಲ್ಲು ಎದೆಮಟ್ಟ ಬೆಳೆದಿತ್ತು. ಅದರ ಬುಡದಲ್ಲಿ ಬಳ್ಳಿಗಳು ಬಿಸಿಲು ಕಾಣದೆ ಕೊಳೆತುಹೋಗಿದ್ದವು.

"ಏನ್ ಕಳ್ಕೊಂಡೀರಿ ಸಾಹೇಬ್ರ?"

"ನಿನಗ್ಯಾಕ ಬೇಕು?" ಎಂದ ಸಾಹೇಬರು, ರಸ್ತೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಯವ್ವಾ, ನಿನ್ನ ಕಡೆ ಬಳ್ಳ್ಯಾಗ ಹುಳ ಅದಾವೇನು?"

"ಬೇಕಾದಷ್ಟು ಅದಾವ್ರಿ."

"ಒಂದ್ ಹತ್ತು ತಂದು ಈ ಕಡೆ ಬಿಡು. ಮ್ಯಾಲಿನ ಆಫೀಸಿನ ಮೇಡಂ ತಪಾಸಣೆಗೆ ಬರಾಕತ್ತಾರ. ಆಗ್ಲೇ ಮಸೂತಿ ಊರು ದಾಟ್ಯಾರಂತ."

"ಬಿಡೂದೇನ್ ಬಿಡ್ತೇನ್ರಿ. ಅವು ಏನ್ ತಿನ್ಬೇಕು? ನಿಮ್ಮ ಬೋರ್ಡ್ ತಿಂತಾವೇನು?"

ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಜೀಪು ಬಂದು ನಿಂತಿತು. ಇಳಿದ ಜಯಮಾಲಾ ಮೇಡಂ ಬೇಲಿಯೊಳಗಿನ ಹುಲ್ಲಿನ ಕಡೆ ಒಂದು ಗಳಿಗೆ ನೋಡಿದರು, ಅಷ್ಟೇ. ಅವರ ಕಣ್ಣು ಆಚೆ ಹೋಯಿತು. ಅಲ್ಲಿ ಆಡುಗಳ ಕಾಲ ನಡುವೆ ಆರೇಳು ಕೆಂಪು ಮೈಯ ಚಿಟ್ಟೆಗಳು ಹಾರಾಡುತ್ತಿದ್ದವು. ಮೇಡಂ ಓಡಿದಂತೆಯೇ ಬಂದು ಕುಕ್ಕರುಗಾಲಲ್ಲಿ ಕೂತು ಬಳ್ಳಿಯ ಎಲೆ ಮಗುಚಿದರು. ಅಡಿಯಲ್ಲಿ ಮುಳ್ಳುಮುಳ್ಳಾದ ಎರಡು ಹುಳಗಳು.

"ಇಲ್ಲಿ ಇಷ್ಟು ಅದಾವ, ಒಳಗ್ಯಾಕ ಒಂದೂ ಇಲ್ಲ?"

"ಒಳಗ ಆಡು ಇಲ್ಲಲ್ರಿ ಯವ್ವಾ," ಎಂದಳು ಸುಂದರವ್ವ. "ಹುಲ್ಲು ಮೇಯಾವ್ರು ಯಾರು? ಹುಲ್ಲು ಸಣ್ಣದಾದ್ರ ಬಳ್ಳಿಗೆ ಬಿಸಲು ಬೀಳ್ತೈತಿ. ಬಳ್ಳಿ ಇದ್ರ ಪಾತರಗಿತ್ತಿ."

ಮೇಡಂ ತಲೆಯಾಡಿಸುತ್ತ ಅದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡರು. ಸುಂದರವ್ವನಿಗೆ ಎದೆ ಹಗುರಾಯಿತು. ಎರಡು ವರ್ಷಕ್ಕಾದರೂ ಕಿವಿ ಇರುವ ಒಬ್ಬರು ಬಂದರಲ್ಲ! ಬೇಲಿ ಕಿತ್ತರೆ ನಾಳೆಯೇ ಹಳೆಯ ದಿಬ್ಬಕ್ಕೆ ಆಡು ಹೊಡೆಯಬಹುದು.

ಮೇಡಂ ಎದ್ದು ಸಾಹೇಬರ ಕಡೆ ತಿರುಗಿದರು. "ಇಷ್ಟು ಛಲೋ ಜಾಗ ಹೊರಗ ಬಿಟ್ಟೀರಲ್ರಿ! ಈ ವಾರದಾಗ ಇಲ್ಲೀತನಾ ಬೇಲಿ ಬರಬೇಕು. ಒಂದು ಆಡೂ ಒಳಗ ಬರಬಾರದು."

"ಆತ್ರಿ ಮೇಡಂ," ಎಂದ ಸಾಹೇಬರ ಮುಖಕ್ಕೆ ಕಳೆ ಬಂತು.

ಸುಂದರವ್ವ ಒಮ್ಮೆ ಮೇಡಂ ಅವರನ್ನೂ, ಒಮ್ಮೆ ಅವರ ಕೈಯಲ್ಲಿದ್ದ ಪುಸ್ತಕವನ್ನೂ ನೋಡಿದಳು. ನಾಲಿಗೆ ಲೊಟಗುಟ್ಟಿಸಿ ಆಡುಗಳನ್ನು ಒಟ್ಟುಮಾಡಿ, ದೂರದಲ್ಲಿ ಬಳ್ಳಿ ಮುಚ್ಚುವಷ್ಟು ಹುಲ್ಲು ತುಂಬಿ ನಿಂತಿದ್ದ ಇನ್ನೊಂದು ದಿಬ್ಬದ ಕಡೆ ಹೊಡೆದಳು.

"ನಡೀರೇ," ಅಂದಳು, ಇಬ್ಬರಿಗೂ ಕೇಳುವಂತೆ. "ಪಾತರಗಿತ್ತಿಗೆ ಇನ್ನೊಂದು ಊರು ಮಾಡಿ ಕೊಡೂಣು. ಇವರು ಹುಡ್ಕೊಂಡು ಬರೂತನಾ ಇರಲಿ."